ಚೆಂಡು ಬಿದ್ದದ್ದೆಲ್ಲಿ?

ಆ ಶಾಲೆಯ ವಿಜ್ಞಾನದ ಟೀಚರಿಗೆ ಮಕ್ಕಳು ಇಟ್ಟ ಅಡ್ಡಹೆಸರು 'ಯಾಕೆ ಮಿಸ್'. ಸುಮ್ಮನೆ ಇಟ್ಟದ್ದಲ್ಲ ಬಿಡಿ. ಉತ್ತರ ಸರಿಯಿದ್ದರೂ "ಯಾಕೆ?" ಅನ್ನುವರು, ತಪ್ಪಿದ್ದರೂ "ಯಾಕೆ?" ಅನ್ನುವರು. ನೆಗಡಿ ಅಂತ ರಜೆ ಕೇಳಲು ಬಂದ ಮಗುವಿಗೂ "ಯಾಕೆ ಬಂತು?" ಅಂದ ಪುಣ್ಯಾತ್ಗಿತ್ತಿ.

ಇಂಥವರ ಪಾಲಿಗೆ ಒಂಬತ್ತನೇ ತರಗತಿಯ ಚಲನೆಯ ಪಾಠ ಬಂದಿತ್ತು. ಮಕ್ಕಳಿಗೆ ಮೊದಲ ನಿಯಮ ಕಂಠಪಾಠ. ಹೊರಗಿನ ಬಲ ಬೀಳದ ಹೊರತು ನಿಂತದ್ದು ನಿಂತೇ ಇರುತ್ತದೆ, ಓಡುವುದು ಅದೇ ವೇಗದಲ್ಲಿ ನೆಟ್ಟಗೆ ಓಡುತ್ತಲೇ ಇರುತ್ತದೆ ಎಂದು ಉಸಿರು ಬಿಡದೆ ಒಪ್ಪಿಸುವರು. ಮರುಕ್ಷಣವೇ ಟೀಚರು ಮೇಜಿನ ಮೇಲೆ ಗೋಲಿ ಉರುಳಿಸಿ, "ಇದು ಯಾಕ್ರೋ ನಿಂತೋಯ್ತು?" ಎಂದು ಕೇಳಿದರೆ, "ತಳ್ಳಿದ ಬಲ ಖಾಲಿಯಾಯ್ತು ಮಿಸ್!" ಎಂದು ಒಕ್ಕೊರಲಿನ ಉತ್ತರ. ಬಲ ಎಂದರೇನು ಸೀಸೆಯೊಳಗಿನ ಎಣ್ಣೆಯೇ, ಖಾಲಿಯಾಗಲು? ಮೇಜು ಉಜ್ಜಿ ಉಜ್ಜಿ ತಡೆಯಿತು, ಅದರ ಹೆಸರೇ ಘರ್ಷಣೆ, ತಡೆಯುವವರಿಲ್ಲದಿದ್ದರೆ ಅದು ಹೋಗುತ್ತಲೇ ಇರುತ್ತಿತ್ತು ಎಂದು ಎಷ್ಟು ಸಲ ಬಾಯಿ ಬಡಿದುಕೊಂಡರೂ ಬೋರ್ಗಲ್ಲ ಮೇಲೆ ನೀರು ಸುರಿದ ಹಾಗೇ. ವರ್ಷ ವರ್ಷವೂ ಹೊಸ ಮಕ್ಕಳು, ಅದೇ ಹಳೇ ಉತ್ತರ.

ಮನೆಗೆ ಬಂದರೆ ಅಲ್ಲೂ ಸುಖವಿಲ್ಲ. ಗಂಡ ಟೈಲರ್. ಮುಂದಿನ ಕೋಣೆಯೇ ಅವನ ಅಂಗಡಿ.

"ನೋಡೇ, ಕಾಲು ತೆಗೆದೆ, ಮಷೀನು ನಿಂತಿತು. ನಿನ್ನ ನಿಯಮ ನನ್ನ ಅಂಗಡಿ ಒಳಗೆ ಬರಲ್ಲ," ಎಂದು ನಗುವನು.

"ಎಣ್ಣೆ ಬಿಟ್ಟ ದಿನ ಕಾಲು ತೆಗೆದ್ಮೇಲೂ ಎಷ್ಟೊತ್ತು ತಿರುಗುತ್ತೆ, ಅದನ್ನ ನೋಡಿದ್ದೀರೇನ್ರೀ?"

"ಅದು ಎಣ್ಣೆ ಗುಣ ಕಣೇ."

ಟೀಚರು ಅನ್ನದ ಪಾತ್ರೆಯನ್ನು ಢಣ್ಣೆಂದು ಕುಕ್ಕಿ ಒಳಗೆ ಹೋಗುವರು. ಕಟ್ಟಿಕೊಂಡವನಿಗೇ ಅರ್ಥ ಮಾಡಿಸಲಾಗದವಳು ಊರ ಮಕ್ಕಳಿಗೆ ಏನು ಕಲಿಸುತ್ತೇನೆ ಎಂದು ಅವರಿಗೆ ನಿಜಕ್ಕೂ ಅಳು ಬರುತ್ತಿತ್ತು.

ಒಂದು ವರ್ಷ ಹೆಡ್‌ಮಾಸ್ಟರು ಅವರನ್ನು ಕರೆಸಿದರು. ಕೆಟ್ಟ ಮನುಷ್ಯರಲ್ಲ, ಆದರೆ ಮೇಲಿನವರ ಹೆಸರೆತ್ತಿದರೆ ಬೆವರುವ ಜೀವ.

"ಮೇಡಂ, ಇಲಾಖೆ ಸಾಹೇಬರು ಈ ವಾರದ ಕೊನೆಗೆ ನಿಮ್ಮ ಕ್ಲಾಸ್ ನೋಡೋಕೆ ಬರ್ತಾರೆ. ಅವರು ಮೆಚ್ಚಿದ್ರೆ ಒಂಬತ್ತನೇ ಕ್ಲಾಸು ನಿಮ್ಮದೇ. ಇಲ್ಲ ಅಂದ್ರೆ ಸೋಮವಾರದಿಂದ ನಮ್ಮ ಡಿಕ್ಟೇಶನ್ ಮೇಷ್ಟ್ರಿಗೆ. ಅವರ ಮಕ್ಕಳು ಮಾರ್ಕ್ಸ್ ತರ್ತಾರಪ್ಪಾ, ನಾನೇನು ಮಾಡ್ಲಿ?"

ಡಿಕ್ಟೇಶನ್ ಮೇಷ್ಟ್ರು ಎಂದರೆ ಗೊತ್ತಲ್ಲ, ಹೇಳುವುದು, ಬರೆಸುವುದು, ಒಪ್ಪಿಸಿಕೊಳ್ಳುವುದು. ಅವರ ತರಗತಿಯಲ್ಲಿ ಗೋಲಿ ಉರುಳಿದ್ದನ್ನು ಯಾರೂ ಕಂಡಿಲ್ಲ. ತಮ್ಮ ಒಂಬತ್ತನೇ ತರಗತಿ ಅವರ ಕೈಗೆ ಹೋಗುವುದನ್ನು ನೆನೆದೇ ಟೀಚರಿಗೆ ಹೊಟ್ಟೆ ಉರಿಯಿತು.

ಪ್ರಯೋಗಾಲಯದ ಮೂಲೆಯಲ್ಲೊಂದು ಪುಟ್ಟ ಗಾಡಿಯಿತ್ತು. ಅದರ ನಡುವೆ ಕೊಳವೆ, ಕೊಳವೆಯಲ್ಲಿ ಸ್ಪ್ರಿಂಗು, ಸ್ಪ್ರಿಂಗಿನ ಮೇಲೆ ಚೆಂಡು. ಗಾಡಿ ಓಡುವಾಗ ಸ್ಪ್ರಿಂಗನ್ನು ಹಿಡಿದಿಟ್ಟ ದಾರ ಎಳೆದರೆ ಚೆಂಡು ಮೇಲಕ್ಕೆ ಚಿಮ್ಮಿ, ಗಾಡಿಯ ಜೊತೆಜೊತೆಗೇ ಮುಂದೆ ಸಾಗಿ, ಮತ್ತೆ ಅದೇ ಕೊಳವೆಗೆ ಬೀಳಬೇಕು. ಮೇಲೆ ಹೋದ ಚೆಂಡನ್ನು ಮುಂದಕ್ಕೆ ತಳ್ಳುವವರು ಯಾರೂ ಇಲ್ಲ, ಆದರೂ ಅದು ಮುಂದೆ ಹೋಗುತ್ತದೆ. ಮಕ್ಕಳ ತಲೆಯೊಳಗಿನ ಎಣ್ಣೆ ಸೀಸೆ ಒಡೆಯಲು ಇದಕ್ಕಿಂತ ಬೇರೆ ಬೇಕೇ? ಗಾಲಿಗೆ ಗಂಡನ ಮಷೀನಿನ ಎಣ್ಣೆಯನ್ನೇ ಬಿಟ್ಟು, ತರಗತಿಯ ನುಣುಪು ನೆಲದ ಮೇಲೆ ದಿನವೂ ಓಡಿಸಿ ಕೈ ಪಳಗಿಸಿಕೊಂಡರು.

ಸಾಹೇಬರು ಬರುವ ದಿನ ಟೀಚರು ತರಗತಿಗೆ ಕಾಲಿಟ್ಟು ಹೌಹಾರಿದರು. ಹೆಡ್‌ಮಾಸ್ಟರು ಸಾಹೇಬರ ಗೌರವಕ್ಕೆಂದು ಬಾಗಿಲಿಂದ ಕುರ್ಚಿಯವರೆಗೆ ದಪ್ಪ ಜಮಖಾನ ಹಾಸಿಬಿಟ್ಟಿದ್ದರು! ಗಾಡಿಯ ದಾರಿಗೆ ಸರಿಯಾಗಿ ಅಡ್ಡ. "ಇದನ್ನ ತೆಗೆಸಿ ಸಾರ್," ಎನ್ನುವಷ್ಟರಲ್ಲಿ ಸಾಹೇಬರು ಬಂದು ಅದರ ಮೇಲೇ ನಡೆದು ಕೂತಾಗಿತ್ತು.

ಬೇರೆ ದಾರಿಯಿರಲಿಲ್ಲ. ಗಾಡಿ ತಳ್ಳಿದರು, ದಾರ ಎಳೆದರು. ಚೆಂಡು ಚಿಮ್ಮಿತು. ಅದು ಮೇಲಿದ್ದಾಗಲೇ ಗಾಡಿ ಜಮಖಾನಕ್ಕೆ ತಾಗಿ ಮುಗ್ಗರಿಸಿತು. ಚೆಂಡು ಗಾಡಿಯ ಮುಂದೆ ಟಪ್ಪೆಂದು ಬಿದ್ದು ಬೆಂಚಿನಡಿಗೆ ಉರುಳಿತು. ಹಿಂದಿನ ಬೆಂಚಿನ ಎರಡು ಜಡೆಯ ಹುಡುಗಿ ಅದರ ಮೇಲೆ ಮೆಲ್ಲಗೆ ಕಾಲಿಟ್ಟಳು.

ಅದೇ ಹೊತ್ತಿಗೆ ಸಾಹೇಬರ ಫೋನು ಗುಂಯ್‌ಗುಟ್ಟಿತ್ತು. ಅದನ್ನು ಆಫ್ ಮಾಡಿ ತಲೆಯೆತ್ತಿ, "ಹಾಂ, ಏನಾಯ್ತು ಮಕ್ಕಳೇ? ಚೆಂಡು ಎಲ್ಲಿ ಬಿತ್ತು?" ಎಂದರು.

"ಗಾಡಿಯೊಳಗೇ ಬಿತ್ತು ಸಾರ್!"

ಇಡೀ ತರಗತಿ. ಒಂದೇ ದನಿ. ಮಕ್ಕಳಿಗೆ ಸೋಮವಾರದ ಸುದ್ದಿ ಹೇಗೋ ತಿಳಿದಿತ್ತು. ತಮ್ಮ 'ಯಾಕೆ ಮಿಸ್' ಉಳಿಯಲಿ ಎಂದು ಅವರ ಕಣ್ಣುಗಳು ಬೇಡುತ್ತಿದ್ದವು. "ವೆರಿ ಗುಡ್," ಎಂದು ಸಾಹೇಬರು ಪೆನ್ನು ತೆಗೆದರು. ಹೆಡ್‌ಮಾಸ್ಟರು ಹಿಂದೆ ನಿಂತು, ಸುಮ್ಮನಿರಿ ತಾಯಿ ಎಂದು ಕಣ್ಣಲ್ಲೇ ಕೈ ಮುಗಿದರು.

ಸುಮ್ಮನಿದ್ದಿದ್ದರೆ ಗೆದ್ದಂತೆ. ಆದರೆ ಕಣ್ಣೆದುರು ನಡೆದದ್ದನ್ನು ನಡೆದೇ ಇಲ್ಲ ಅನ್ನುವ ಮಕ್ಕಳನ್ನು ಗೆದ್ದುಕೊಂಡು ಮಾಡುವುದೇನು? ಟೀಚರಿಗೆ ಮೈಯೆಲ್ಲ ಉರಿದುಹೋಯಿತು.

"ಸುಳ್ಳು ಸಾರ್! ಚೆಂಡು ಹೊರಗೆ ಬಿತ್ತು. ಎಲ್ಲರೂ ನೋಡಿದ್ದಾರೆ. ಆದ್ರೆ ಅದು ಯಾಕೆ ಹೊರಗೆ ಬಿತ್ತು ಅಂದ್ರೆ..."

"ಅಂದ್ರೆ ಪ್ರಯೋಗ ಆಗ್ಲಿಲ್ಲ," ಎಂದು ಸಾಹೇಬರು ಬರೆದುಕೊಂಡು ಎದ್ದರು. ಅವರಿಗೆ ಇನ್ನೊಂದು ಶಾಲೆಗೆ ಹೊತ್ತಾಗಿತ್ತು.

"ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಂಡ್ರಲ್ಲ ಮೇಡಂ," ಎಂದು ಹೆಡ್‌ಮಾಸ್ಟರು ಹಣೆ ಒರೆಸಿಕೊಳ್ಳುತ್ತಾ ಸಾಹೇಬರ ಹಿಂದೆ ಓಡಿದರು.

ಟೀಚರು ಮಕ್ಕಳ ಕಡೆ ತಿರುಗಿದರು. "ನಿಮಗೋಸ್ಕರ ಹೇಳಿದ್ದು ಮಿಸ್," ಎಂದಿತು ಮುಂದಿನ ಬೆಂಚು.

"ನನಗೋಸ್ಕರ ಹೇಳ್ಬೇಡಿ! ಕಂಡಿದ್ದನ್ನ ಹೇಳಿ! ಚೆಂಡು ಯಾಕೆ ಮುಂದೆ ಹೋಯ್ತು?"

ಮುಂದಿನ ಬೆಂಚು ಮೊದಲ ನಿಯಮ ಒಪ್ಪಿಸತೊಡಗಿತು. "ಬಾಯ್ಮುಚ್ಚಿ!" ಎಂದರು. ಆಗ ಎರಡು ಜಡೆಯವಳು ಎದ್ದಳು.

"ಮಿಸ್, ಚೆಂಡು ಜಾಸ್ತಿಯೇನೂ ಮುಂದೆ ಹೋಗ್ಲಿಲ್ಲ. ಅದು ಮೊದ್ಲು ಹೆಂಗೆ ಹೋಗ್ತಿತ್ತೋ ಹಂಗೇ ಹೋಯ್ತು. ಗಾಡೀನೇ ಹಿಂದೆ ಬಿತ್ತು. ನೆಲ ಹಿಡ್ಕೊಂಡಿದ್ದು ಗಾಡೀನ, ಚೆಂಡನ್ನಲ್ಲ."

ಇಷ್ಟು ವರ್ಷ ಕಾದ ಮಾತು. ಟೀಚರಿಗೆ ಖುಷಿಗಿಂತ ಮೊದಲು ರೇಗಿಹೋಯಿತು. "ಇದನ್ನ ಅವರಿದ್ದಾಗ ಬೊಗಳೋಕೆ ಏನಾಗಿತ್ತೇ ನಿಂಗೆ?" ಎಂದು ಕೂಗಿ, ಮುಖ ತಿರುಗಿಸಿ ಸೆರಗಿನಿಂದ ಕಣ್ಣೊತ್ತಿಕೊಂಡರು.

ಸೋಮವಾರ ಅವರಿಗೆ ಐದನೇ ತರಗತಿ ಸಿಕ್ಕಿತು, ಪಕ್ಕದ ಕೋಣೆಯೇ. ಎಲೆಯ ಭಾಗಗಳ ಚಿತ್ರ ಬಿಡಿಸುತ್ತಿದ್ದರೂ ಕಿವಿ ಗೋಡೆಯಾಚೆಗಿತ್ತು. "ಚೆಂಡು ಮರಳಿ ಗಾಡಿಯೊಳಗೇ ಬೀಳುತ್ತದೆ," ಎಂದು ಒಂಬತ್ತನೇ ತರಗತಿ ಒಪ್ಪಿಸುತ್ತಿತ್ತು. ಸೀಮೆಸುಣ್ಣ ಅವರ ಕೈಯಲ್ಲಿ ಮುರಿಯಿತು. ಅಷ್ಟರಲ್ಲಿ ಕೋರಸ್ಸು ನಿಂತಿತು.

"ಸಾರ್, ನೆಲ ಎಂಥದ್ದು?" ಎಂದಿತು ಒಂದು ದನಿ. ಎರಡು ಜಡೆಯವಳದೇ.

"ಯಾವ ನೆಲ?" ಎಂದರು ಡಿಕ್ಟೇಶನ್ ಮೇಷ್ಟ್ರು.

"ಗಾಡಿ ಓಡೋ ನೆಲ ಸಾರ್."

"ಪುಸ್ತಕದಲ್ಲಿ ನೆಲ ಇಲ್ಲ. ಕೂತ್ಕೋ!"

"ಕೂತ್ಕೋಬೇಡ ಕಣೇ!" ಎಂದು ಟೀಚರು ಗೋಡೆಗೆ ಕಿರುಚಿದರು. ಐದನೇ ತರಗತಿಯ ಮಕ್ಕಳೆಲ್ಲ ಗಾಬರಿಯಿಂದ ಎದ್ದು ನಿಂತರು.