ಅತ್ತಿಕೊಡಿಗೆಯ ಜಿಗಿಹುಳು

ಓದಿದ ಮಗಳು ಹುಳ ಹಿಡಿಯಲು ಹೊರಟಾಗ ಹೂವಮ್ಮನಿಗೆ ಮೊದಮೊದಲು ನಾಚಿಕೆಯೇ ಆಗುತ್ತಿತ್ತು. ದೀಪಶ್ರೀ ಡಾಕ್ಟರ್ ಆದಳಂತೆ ಎಂದು ಕೇಳಿ ನೆಂಟರು ಮಂಡಿನೋವು ತೋರಿಸಲು ಬಂದರೆ, ಆ ಡಾಕ್ಟರಮ್ಮ ಯಾವುದೋ ಹಳ್ಳದಲ್ಲಿ ಚೂಡಿದಾರದ ಕಾಲು ಮಡಚಿಕೊಂಡು ಕಲ್ಲು ಮಗುಚುತ್ತ ನಿಂತಿರುತ್ತಿದ್ದಳು. ಕಲ್ಲಿನ ಅಡಿ ಎಂತ ಇತ್ತು ಎಂದು ತಾಯಿ ಕೇಳಿದರೆ "ಹುಳ" ಎನ್ನುತ್ತಿದ್ದಳು.

"ಕಲ್ಲಡಿ ಹುಳ ಇರ್ದೆ ಆನೆ ಇರ್ತದಾ? ಅದನ್ನ ನೋಡೋಕೆ ಇಷ್ಟು ವರ್ಷ ಓದ್ಬೇಕಿತ್ತಾ ಮಾರಾಯ್ತಿ?"

ದೀಪಶ್ರೀ ಸಾಗರದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಡಂ. ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಗಳ ನೀರುಹುಳಗಳ ಮೇಲೆ ಡಾಕ್ಟರೇಟ್ ಮಾಡಿದವಳು. ಹರಿವ ನೀರಿನಲ್ಲಿ ಕೊಚ್ಚಿಹೋಗದಂತೆ ಕಲ್ಲಿಗೆ ಅಂಟಿಕೊಂಡಿರುವ ಹುಳದ ಕಾಲು, ಕಿವಿರು, ಬಾಲದ ಕೂದಲು ನೋಡಿ ಇದು ಯಾವ ಕುಲ, ಯಾವುದಕ್ಕೆ ಯಾವುದು ದಾಯಾದಿ, ಯಾವ ಕಾಲದಲ್ಲಿ ಯಾವುದು ಮನೆ ಪಾಲಾಗಿ ಬೇರೆ ಹೋಯಿತು ಎಂದು ಹೇಳುವುದು ಅವಳ ಕೆಲಸ. ಇಂಥ ಹುಳ ಸಿಕ್ಕಿದ ಕೂಡಲೇ ಸ್ಪಿರಿಟ್ ತುಂಬಿದ ಸೀಸೆಗೆ ಹಾಕಬೇಕು, ಇಲ್ಲದಿದ್ದರೆ ಕೊಳೆತುಹೋಗುತ್ತದೆ. ಇಪ್ಪತ್ತು ವರ್ಷ ಹಾಗೇ ಮಾಡಿ ಮಾಡಿ ಅದು ಅವಳ ಕೈಗೆ ಅಭ್ಯಾಸವಾಗಿ ಕೂತಿತ್ತು. ಮದುವೆಯಾಗಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಕೋಣಂದೂರಿನಿಂದ ಅಮ್ಮನನ್ನು ತನ್ನ ಮನೆಗೇ ಕರೆತಂದಳು.

ಹೂವಮ್ಮನ ಬಾಯಲ್ಲಿ ಕೋಣಂದೂರು ಎಂದರೆ ಗಂಡನ ಊರು, ಸಾಗರ ಎಂದರೆ ಮಗಳ ಊರು. ಬರೀ "ನಮ್ಮೂರು" ಎಂದರೆ ಅದು ಅತ್ತಿಕೊಡಿಗೆ. ಲಿಂಗನಮಕ್ಕಿ ಡ್ಯಾಮಿನ ನೀರು ಏರಿದಾಗ ಅದು ಮುಳುಗಿತು. ಹೂವಮ್ಮನಿಗೆ ಆಗ ಹದಿನೈದೋ ಹದಿನಾರೋ. ಗೇಣಿ ಒಕ್ಕಲಿನ ಮನೆಯವರು ಪಾತ್ರೆಪಗಡಿ, ಎರಡು ಎಮ್ಮೆ, ಒಂದು ಒನಕೆ ಲಾರಿಗೆ ಹೇರಿಕೊಂಡು ಹೊಸನಗರದ ಕಡೆಗೆ ಬಂದರು. ಆಮೇಲೆ ಆಕೆ ಊರನ್ನು ನೋಡಲೇ ಇಲ್ಲ. ಬೇಸಿಗೆಯ ಕೊನೆಗೆ ನೀರು ಇಳಿದಾಗ ಗದ್ದೆಯ ಅಂಚು, ಮನೆಗಳ ಪಾಯ ಎಲ್ಲ ಮೇಲೆ ಬರುತ್ತವೆ ಎಂದು ಯಾರೋ ಹೇಳಿದ್ದನ್ನು ಕೇಳಿದ್ದಳು ಅಷ್ಟೆ.

ಅದನ್ನು ಮೊದಲು ನೋಡಿದ್ದು ಮಗಳು. ಹರಿವ ನೀರಿನ ಹುಳಗಳಲ್ಲಿ ನಿಂತ ನೀರಿಗೆ ಹೊಂದಿಕೊಂಡು ಬದುಕಿದವು ಯಾವುವು ಎಂದು ಹುಡುಕುತ್ತ ಒಂದು ಮೇ ತಿಂಗಳಲ್ಲಿ ಹಿನ್ನೀರಿನ ಮೀನುಗಾರ ಕೆರಿಯಪ್ಪನ ದೋಣಿ ಹಿಡಿದು ಅಲ್ಲಿಗೆ ಹೋದಳು. ಬದುಕಿದವು ಒಂದೂ ಸಿಗಲಿಲ್ಲ. ಬರಿಗೈಲಿ ಬರುವುದೇಕೆಂದು ಊರಿನ ಮೇಲಿದ್ದ ಗುಡ್ಡ ಹತ್ತಿದಳು. ವರ್ಷದ ಬಹುಪಾಲು ಅದರ ನೆತ್ತಿ ಮಾತ್ರ ನೀರಿನ ಮೇಲೆ ಇರುತ್ತದೆ. ಅಲ್ಲಿಯ ಹುಲ್ಲಿನ ಮೇಲೆ ಬಲೆ ಬೀಸಿದರೆ ಗದ್ದೆಯವರೆಲ್ಲ ಬಲ್ಲ ಜಿಗಿಹುಳುವಿನಂಥವು ಸಿಕ್ಕವು. ಅಕ್ಕಿಕಾಳಿಗಿಂತ ಚಿಕ್ಕವು, ಮುಟ್ಟುವ ಮೊದಲೇ ಹಾರುವಂಥವು.

ತಿಂಗಳುಗಳ ನಂತರ ಕಾಲೇಜಿನಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡುತ್ತಾಳೆ, ಗುಡ್ಡದವು ಬೆಣ್ಣೆಯಂಥ ಹಳದಿ! ಸಾಗರದ ಸುತ್ತ ಸಿಕ್ಕಿ ಕಾಲೇಜಿನ ಪೆಟ್ಟಿಗೆಯಲ್ಲಿ ಒಣಗಿಸಿ ಇಟ್ಟವು ಹಸಿರು. ಜಿಗಿಹುಳುವಿನ ಜಾತಿಯನ್ನು ಖಚಿತವಾಗಿ ಹೇಳಲು ಗಂಡುಹುಳದ ಹೊಟ್ಟೆಯ ತುದಿಯ ಕೊಕ್ಕೆ ನೋಡಬೇಕು. ಗುಡ್ಡದಿಂದ ಬಂದದ್ದರಲ್ಲಿ ಗಂಡು ಒಂದೇ ಇತ್ತು. ಅದರ ಕೊಕ್ಕೆಯೂ ಸ್ವಲ್ಪ ಸೊಟ್ಟಗೆ ಕಂಡಿತು. ಸಾವಿರಾರು ವರ್ಷದ ಹಿಂದೆಯೇ ಬೇರೆಯಾದ ಒಂದು ಜಾತಿ ಆ ಗುಡ್ಡವೊಂದರಲ್ಲೇ ಉಳಿದುಕೊಂಡಿದೆ ಎಂದು ಅವಳು ಆಗಲೇ ನಂಬಿಬಿಟ್ಟಳು.

ಅಷ್ಟರಲ್ಲಿ ಮನೆಯಲ್ಲಿ ಇನ್ನೊಂದು ಶುರುವಾಗಿತ್ತು. ಮಗಳು ಅತ್ತಿಕೊಡಿಗೆ ನೋಡಿ ಬಂದಳೆಂದು ತಿಳಿದ ದಿನದಿಂದ ಹೂವಮ್ಮ, "ನನ್ನೂ ಒಂದ್ಸಲ ಕರ್ಕೊಂಡು ಹೋಗೆ" ಎನ್ನತೊಡಗಿದ್ದಳು.

"ಅಮ್ಮ, ಅಲ್ಲಿ ಮಂಡಿ ತನಕ ಕೆಸರು. ಬಿಸಿಲು ಬೇರೆ. ನಿನ್ ಕೈಲಿ ಆಗಲ್ಲ."

ಮರುವರ್ಷ ಮೇ ತಿಂಗಳಲ್ಲೂ ಹೂವಮ್ಮ ಕೇಳಿದಳು. ಮಗಳು ಬಲೆ, ಸೀಸೆ, ಟೋಪಿ ಎಲ್ಲ ನೆನಪಿಟ್ಟು ತೆಗೆದುಕೊಂಡು ಒಬ್ಬಳೇ ಹೋದಳು. ಆ ಸಲ ಗುಡ್ಡದ ಹುಲ್ಲು ಸುಟ್ಟುಹೋಗಿತ್ತು, ಒಂದು ಹುಳವೂ ಸಿಗಲಿಲ್ಲ. ಬೇಸರದಲ್ಲಿ ಮನೆಗೆ ಬಂದರೆ ಅಮ್ಮ ಬಾಗಿಲಲ್ಲೇ ಕೂತಿದ್ದಳು. ಆ ಮುಖ ನೋಡಲಾರದೆ ದೀಪಶ್ರೀ ಒಂದು ಮಾತು ಕೊಟ್ಟುಬಿಟ್ಟಳು.

"ನಿಮ್ಮೂರ ಹುಳಕ್ಕೆ ನಿಮ್ಮೂರ ಹೆಸ್ರೇ ಇಡ್ತೀನಿ ಅಮ್ಮ. ಅತ್ತಿಕೊಡಿಗೆನ್ಸಿಸ್ ಅಂತ. ಪುಸ್ತಕಕ್ಕೆ ಹೋದ್ರೆ ಪ್ರಪಂಚ ಇರೋ ತನಕ ಇರ್ತದೆ. ಯಾವ ಡ್ಯಾಮೂ ಅದನ್ನ ಮುಳುಗ್ಸೋಕೆ ಆಗಲ್ಲ."

ಕರೆದುಕೊಂಡು ಹೋಗು ಎಂದು ಹೂವಮ್ಮ ಆಮೇಲೆ ಕೇಳಲಿಲ್ಲ. ಆದರೆ ಮದುವೆಮನೆಯಲ್ಲಿ, ಬ್ಯಾಂಕಿನಲ್ಲಿ, ಬಸ್ಸಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದಳು. ಕೋಣಂದೂರಿನಲ್ಲಿರುವ ಮೀನಾಕ್ಷಮ್ಮ ಅದೇ ಊರಿನಿಂದ ಅದೇ ಲಾರಿಯಲ್ಲಿ ಬಂದವಳು. ಅವಳು ಫೋನಿನಲ್ಲಿ ನಕ್ಕಳು.

"ಅಲ್ವೇ ಹೂವಿ, ಇಡೋಕೆ ಹುಳಾನೇ ಸಿಕ್ತಾ? ಒಂದು ಬಸ್‌ಸ್ಟಾಪಿಗಾದ್ರೂ ಇಟ್ಟಿದ್ರೆ ನಾವು ಹೋಗಿ ಇಳೀಬೋದಿತ್ತು."

ಹೂವಮ್ಮನೂ ನಕ್ಕಳು.

ದೀಪಶ್ರೀ ಲೇಖನ ಬರೆದು ಮುಗಿಸಿದಳು. ಪತ್ರಿಕೆಗೆ ಕಳಿಸುವ ಮೊದಲು ಒಮ್ಮೆ ನೋಡಲಿ ಎಂದು ಪೂರ್ಣೇಶನಿಗೆ ಹುಳಗಳನ್ನೂ ಕಳಿಸಿದಳು. ಪೂರ್ಣೇಶ ಅವಳ ಜೊತೆ ಓದಿದವನು, ಜಿಗಿಹುಳುಗಳನ್ನೇ ಜೀವಮಾನವಿಡೀ ನೋಡಿದವನು. ಮಳೆಗಾಲದ ಕೊನೆಗೆ ಅವನ ಫೋನ್ ಬಂತು. ಮೊದಲು ಕೇಳಿದ್ದು ಒಂದೇ.

"ಗುಡ್ಡದವನ್ನ ಒಣಗಿಸಿ ಇಟ್ಟಿದ್ಯೋ, ಸ್ಪಿರಿಟ್ಟಿಗೆ ಹಾಕಿದ್ಯೋ?"

ಕೇಳಿದ ಕೂಡಲೇ ಅವಳಿಗೆ ತನ್ನ ತಪ್ಪು ಹೊಳೆಯಿತು. ಜಿಗಿಹುಳುವಿನ ಹಸಿರು ಸ್ಪಿರಿಟ್ಟಿನಲ್ಲಿ ನಿಲ್ಲುವುದಿಲ್ಲ, ಬಣ್ಣ ಬಿಟ್ಟು ಹಳದಿಯಾಗುತ್ತದೆ. ಇದನ್ನು ಮೊದಲ ವರ್ಷದ ಮಕ್ಕಳಿಗೆ ಪಾಠ ಮಾಡುವವಳು ಅವಳೇ. ನೀರುಹುಳ ಹಿಡಿದು ಪಳಗಿದ ಕೈ ಅವತ್ತು ದೋಣಿಯಲ್ಲಿ ತನ್ನ ಪಾಡಿಗೆ ಎಲ್ಲವನ್ನೂ ಸೀಸೆಗೆ ಹಾಕಿತ್ತು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ. ಕೊಕ್ಕೆಯೂ ಸೊಟ್ಟ ಇರಲಿಲ್ಲವಂತೆ, ಹುಳ ವಾರೆಯಾಗಿ ಮಲಗಿತ್ತಂತೆ. ನೇರ ಮಾಡಿ ನೋಡಿದರೆ ಊರತುಂಬ ಇರುವ ಅದೇ ಜಿಗಿಹುಳು, ನೂರು ವರ್ಷದ ಹಿಂದೆಯೇ ಯಾರೋ ಬಿಳಿಯರು ಹೆಸರಿಟ್ಟದ್ದು. ಮನಸ್ಸು ಒಪ್ಪದೆ ಅವಳು ಮನೆಯ ಹಿಂದಿನ ಹುಲ್ಲಿನಿಂದ ನಾಲ್ಕು ಹಸಿರು ಹುಳ ಹಿಡಿದು ಸ್ಪಿರಿಟ್ಟಿಗೆ ಹಾಕಿ ಕಾದಳು. ಅವೂ ಹಳದಿಯಾದವು. ಅವಳಿಗೆ ಅಳುವೇ ಬಂತು. ತಾನು ಸೋತೆನೆಂದಲ್ಲ, ಅಮ್ಮನಿಗೆ ಹೇಳುವುದು ಹೇಗೆಂದು.

ಹೇಳದೆ ಕೆಲವು ದಿನ ತಳ್ಳಿದಳು. ಹೂವಮ್ಮ ಮಾತ್ರ "ಪುಸ್ತಕ ಬಂತಾ?" ಎಂದು ಕೇಳುವುದನ್ನು ಬಿಡಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಹಿತ್ತಲ ಕಟ್ಟೆಯ ಮೇಲೆ ಕೂತು ಕೆಸುವಿನ ದಂಟಿನ ನಾರು ತೆಗೆಯುತ್ತಿದ್ದ ಅಮ್ಮನ ಎದುರು ಕೂತು ಎಲ್ಲವನ್ನೂ ಹೇಳಿದಳು.

"ಹಂಗಾದ್ರೆ ಅಲ್ಲಿದ್ದೂ ಇಲ್ಲಿದ್ದೂ ಒಂದೇಯಾ?"

"ಒಂದೇ ಅಮ್ಮ."

"ನೀರು ಬಂದು ಇಷ್ಟು ವರ್ಷ ಆದ್ರೂ ಬೇರೆ ಆಗ್ಲಿಲ್ವಾ?"

"ಅಷ್ಟು ಬೇಗ ಆಗಲ್ಲ. ನಂದೇ ತಪ್ಪು. ನಿಮ್ಮೂರ ಹೆಸ್ರು ಉಳಿಸ್ತೀನಿ ಅಂದಿದ್ದೆ..."

ಹೂವಮ್ಮ ದಂಟನ್ನು ಕೆಳಗಿಟ್ಟಳು. ಅವಳಿಗೆ ಸಿಟ್ಟು ಬಂದಿರಲಿಲ್ಲ. ಸಿಟ್ಟು ಬಂದಿದ್ದರೆ ದೀಪಶ್ರೀಗೆ ತಡೆದುಕೊಳ್ಳುವುದು ಸುಲಭವಿತ್ತು.

"ಹೆಸ್ರು ನೀನಾಗೇ ಹೇಳಿದ್ದು ಮಗಾ. ನಾನು ಕೇಳಿದ್ದು ಊರು."

"ಈ ಬೇಸಿಗೆಗೆ ಖಂಡಿತ ಹೋಗೋಣ ಅಮ್ಮ. ನೀರು ಇಳೀಲಿ."

"ಎರಡು ಬೇಸಿಗೆ ಹಿಂದೆ ನಂಗೆ ಗುಡ್ಡ ಹತ್ತೋಕೂ ಆಗ್ತಿತ್ತು" ಎಂದಳು ಹೂವಮ್ಮ. ಈಗ ಅವಳು ಬಚ್ಚಲಿಗೆ ಹೋಗುವುದಕ್ಕೂ ಗೋಡೆ ಹಿಡಿಯುತ್ತಿದ್ದಳು. ಮಗಳು ಅದನ್ನು ದಿನಾ ನೋಡುತ್ತಿದ್ದಳು, ಆದರೆ ಇವತ್ತೇ ಕಂಡಂತಾಯಿತು.

ಬೇಸಿಗೆಯನ್ನು ನಂಬಿ ಕೂರಲು ದೀಪಶ್ರೀಗೆ ಧೈರ್ಯವಾಗಲಿಲ್ಲ. ಮುಂದಿನ ಭಾನುವಾರಕ್ಕೇ ದೋಣಿ ತರಲು ಕೆರಿಯಪ್ಪನಿಗೆ ಹೇಳಿಸಿದಳು. ಮಳೆ ಮುಗಿದು ಹಿನ್ನೀರು ತುಂಬಿ ನಿಂತಿತ್ತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಅವಳೂ ಕೆರಿಯಪ್ಪನೂ ಹೂವಮ್ಮನನ್ನು ಕುರ್ಚಿ ಸಮೇತ ದೋಣಿಗೆ ಎತ್ತಿಟ್ಟರು. "ಹೆಣ ಎತ್ತಿದಂಗೆ ಎತ್ಬೇಡಿ, ಇನ್ನೂ ಜೀವ ಉಂಟು" ಎಂದು ಗದರಿದಳು ಮುದುಕಿ. ಒಳ್ಳೆಯ ಸೀರೆ ಉಟ್ಟಿದ್ದಳು. ತಲೆಗೆ ಹೂ ಮುಡಿದಿದ್ದಳು, ತವರಿಗೆ ಹೋಗುವವರ ಹಾಗೆ. ದೀಪಶ್ರೀ ಬಲೆ ತಂದಿರಲಿಲ್ಲ.

ಗುಡ್ಡದ ನೆತ್ತಿ ಒಂದು ಹಸಿರು ಗುಪ್ಪೆಯಾಗಿ ಕಂಡಿತು. ಅದರ ಈಚೆಗೆ ಕೆರಿಯಪ್ಪ ದೋಣಿಯನ್ನು ನಿಲ್ಲಿಸಿದ.

"ಇಲ್ಲೇ ಅಮ್ಮಾ. ನಿಮ್ಮ ಅತ್ತಿಕೊಡಿಗೆ ಈಗ ನಮ್ಮ ಕೆಳಗುಂಟು."

ಹೂವಮ್ಮ ಸುತ್ತ ನೋಡಿದಳು. ಎಲ್ಲಿ ನೋಡಿದರೂ ಒಂದೇ ಸಮನೆ ನೀರು. ಬಗ್ಗಿ ಬೊಗಸೆಯಲ್ಲಿ ಎತ್ತಿ ಮುಖಕ್ಕೆ ಹಾಕಿಕೊಂಡಳು, ಒಂದು ಗುಟುಕು ಕುಡಿದೂ ನೋಡಿದಳು.

"ನಮ್ಮನೆ ಬಾವಿ ನೀರು ಇದಕ್ಕಿಂತ ತಣ್ಣಗಿತ್ತು ಕಣೆ."

ಹುಳದ ಕಾಲಿನ ಮುಳ್ಳುಗಳನ್ನು ಎಣಿಸಿ ಅದರ ವಂಶವನ್ನೇ ಹೇಳುವ ಮಗಳು ಇಷ್ಟು ವರ್ಷ ಇದನ್ನು ಕೇಳಿರಲಿಲ್ಲ. ಈಗ ಕೇಳಿದಳು.

"ಬಾವಿ ಎಲ್ಲಿತ್ತಮ್ಮ?"

ಹೂವಮ್ಮ ಉತ್ಸಾಹದಿಂದ ಕೈ ಎತ್ತಿದಳು. ಗುಡ್ಡದ ಕಡೆ ನೋಡಿ ಎಡಕ್ಕೆ ತೋರಿಸಿದಳು. ಅಲ್ಲ ಎಂದು ಸ್ವಲ್ಪ ಬಲಕ್ಕೆ ತಂದಳು. ಮತ್ತೆ ಎಡಕ್ಕೆ ಹೋದ ಕೈ ಅರ್ಧಕ್ಕೇ ನಿಂತು, ನಿಧಾನಕ್ಕೆ ಮಡಿಲಿಗೆ ಇಳಿಯಿತು.

"ಗೊತ್ತಾಗ್ತಿಲ್ಲ ಮಗಾ" ಎಂದಳು. "ನೀರಿಲ್ದಿದ್ರೆ ಹೇಳ್ತಿದ್ದೆ."