ಗುಂಡಿ ಡಬ್ಬ ಖಾಲಿಯಾದ ತಿಂಗಳು

ಚಿಕ್ಕಿಗೆ ತನ್ನ ಒಡಹುಟ್ಟಿದ ಅಕ್ಕನನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ಇದನ್ನು ಮುಚ್ಚಿಟ್ಟುಕೊಂಡು ಕಥೆ ಹೇಳಿ ಪ್ರಯೋಜನವಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಅಕ್ಕನ ಮೈಮೇಲೆ ಒಡವೆ ಇತ್ತೇ? ಇಲ್ಲ. ಸ್ವಂತ ಮನೆ? ಸೋರುವ ನಲ್ಲಿಯ ಬಾಡಿಗೆ ಮನೆ. ರೂಪದಲ್ಲಂತೂ ಚಿಕ್ಕಿಯೇ ಒಂದು ಕೈ ಮೇಲು. ಆದರೆ ನಲವತ್ತಾರು ವರ್ಷದ ಅಕ್ಕನಿಗೆ ತಿಂಗಳು ತಿಂಗಳು ಮುಟ್ಟಾಗುತ್ತಿತ್ತು, ಮೂವತ್ತೆಂಟರ ಚಿಕ್ಕಿಗೆ ನಿಂತುಹೋಗಿತ್ತು. ಉರಿಯೆಲ್ಲ ಅದಕ್ಕೆ.

ಚಿಕ್ಕಿ ಅನ್ನುವುದು ಅಕ್ಕನ ಮಗಳು ತೊದಲು ನುಡಿಯುವಾಗ ಇಟ್ಟ ಹೆಸರು. ಆಮೇಲೆ ಬೀದಿಗೆಲ್ಲ ಚಿಕ್ಕಿಯಾದಳು. ಕೊನೆಗೆ ಕಟ್ಟಿಕೊಂಡ ಗಂಡನೂ ಹಾಗೇ ಕರೆಯತೊಡಗಿದಾಗ, "ನಾನು ನಿನಗೆ ಯಾವ ಸೀಮೆ ಚಿಕ್ಕಿನಯ್ಯಾ?" ಎಂದು ರೇಗಿದ್ದಳು. ಅವನು ಕೇಳಲಿಲ್ಲ.

ಅಕ್ಕ ತಂಗಿ ಇಬ್ಬರೂ ಹಳೆಯ ಸೋಫಾಗಳಿಗೆ ಹೊಸ ಬಟ್ಟೆ ಹೊದಿಸುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಕಾರ್ಖಾನೆ ಅಂದರೆ ದೊಡ್ಡ ಮಾತಾಯಿತು. ಒಂದು ಉದ್ದನೆಯ ಕೋಣೆ, ಎರಡು ಹೊಲಿಗೆ ಯಂತ್ರ, ಗೋಡೆಗೊರಗಿದ ಫೋಮಿನ ಹಲಗೆಗಳು, ಮೂಗಿಗೆ ಹತ್ತುವ ಅಂಟಿನ ವಾಸನೆ. ಜನವೂ ಮೂವರೇ, ಅಕ್ಕ, ತಂಗಿ ಮತ್ತು ಯಜಮಾನಿ. ಕೆಲಸ ಮಾತ್ರ ಹಗುರದ್ದಲ್ಲ. ಚೌಕಟ್ಟಿಗೆ ಮೊಣಕಾಲು ಕೊಟ್ಟು, ಬಟ್ಟೆಯನ್ನು ಉಸಿರು ಬಿಗಿಹಿಡಿದು ಎಳೆದು, ಬಾಯಲ್ಲಿಟ್ಟುಕೊಂಡ ಸಣ್ಣ ಮೊಳೆಗಳನ್ನು ಒಂದೊಂದಾಗಿ ತೆಗೆದು ಹೊಡೆಯಬೇಕು. ಸಂಜೆಗೆ ಸೊಂಟ ನನ್ನದಲ್ಲ ಅನ್ನಿಸುತ್ತದೆ.

ಕೂತು ಮಾಡುವ ಕೆಲಸ ಅಲ್ಲಿ ಒಂದೇ, ಗುಂಡಿ ಮಾಡುವುದು. ಸೋಫಾದ ಬೆನ್ನಿನ ಕುಳಿಗಳಲ್ಲಿ ಕೂರುತ್ತವಲ್ಲ, ಬಟ್ಟೆ ಸುತ್ತಿದ ಗುಂಡಿಗಳು, ಅವು. ತಗಡಿನ ಬಿಲ್ಲೆಗೆ ಬಟ್ಟೆ ಸುತ್ತಿ ಕೈಯಚ್ಚಿನಲ್ಲಿ ಒತ್ತಬೇಕು. ಯಜಮಾನಿ ತನ್ನ ಪ್ರಾಯದಲ್ಲಿ ಹೊಟ್ಟೆನೋವಿನಲ್ಲೇ ಸೋಫಾ ಎತ್ತಿ ಸಾಯುವಷ್ಟು ಕಷ್ಟಪಟ್ಟವಳು. ಅದಕ್ಕೇ ಒಂದು ನಿಯಮ ಮಾಡಿದ್ದಳು. ಮುಟ್ಟಿನ ದಿನಗಳಲ್ಲಿ ಕಿಟಕಿ ಕೆಳಗಿನ ಸ್ಟೂಲಿನಲ್ಲಿ ಕೂತು ಗುಂಡಿ ಮಾಡಬೇಕು, ಬೇರೆ ಕೆಲಸ ಮುಟ್ಟಬಾರದು. ಯಾರೂ ಕೇಳಬಾರದು, ಯಾರೂ ಹೇಳಬಾರದು, ಸುಮ್ಮನೆ ಹೋಗಿ ಕೂತರಾಯಿತು. ಯಾವಾಗಲೂ ಮೊದಲು ಚಿಕ್ಕಿ ಕೂರುತ್ತಿದ್ದಳು, ಅವಳು ಎದ್ದ ಮೇಲೆ ಅಕ್ಕ. ಇಬ್ಬರ ಸರದಿಯಲ್ಲಿ ತಿಂಗಳಿಗಾಗುವಷ್ಟು ಗುಂಡಿ ಡಬ್ಬಕ್ಕೆ ಬೀಳುತ್ತಿತ್ತು.

ಒಂದು ತಿಂಗಳು ಚಿಕ್ಕಿಗೆ ದಿನ ತಪ್ಪಿತು. ಮೂವತ್ತೈದಕ್ಕೆ ಮದುವೆಯಾದವಳು, ಮಗುವಿಗಾಗಿ ಬಾಯಿ ಬಾಯಿ ಬಿಡುತ್ತಿದ್ದವಳು, ಬಸುರಿಯಾದೆ ಅಂದುಕೊಂಡು ಒಳಗೊಳಗೇ ಕುಣಿದಳು. ಬಸುರಲ್ಲ. ಮುಂದಿನ ತಿಂಗಳೂ ಇಲ್ಲ, ಅದರ ಮುಂದೆಯೂ ಇಲ್ಲ. ಕೂತಲ್ಲೇ ಮುಖಕ್ಕೆ ಕೆಂಡ ಎರಚಿದ ಹಾಗೆ ಬಿಸಿ ಏರುತ್ತಿತ್ತು, ಬೆವರಿಗೆ ರವಿಕೆ ತೊಯ್ದುಹೋಗುತ್ತಿತ್ತು. ಆದರೂ ಸ್ಟೂಲು ಬಿಡಲಿಲ್ಲ. ಹಳೆಯ ಲೆಕ್ಕ ಹಿಡಿದು ತಪ್ಪದೆ ಹೋಗಿ ಕೂತಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಅನ್ನಿ, ಬೇಕಾದರೆ. ಅಕ್ಕನ ಎದುರಿಗೆ ಮುದುಕಿಯಾಗಲು ಅವಳಿಗೆ ಮನಸ್ಸಿರಲಿಲ್ಲ.

ಅವಳು ಎದ್ದ ಮೇಲೆ ಅಕ್ಕ ಬಂದು ಕೂರುತ್ತಿದ್ದಳು. ಸುಮ್ಮನೆ ಕೂತಳೇ? "ಅಯ್ಯಯ್ಯೋ, ಸೊಂಟ ಬಿದ್ದೋಯ್ತು ಕಣೇ. ಈ ಪೀಡೆ ಯಾವಾಗ ತೊಲಗುತ್ತೋ!" ಎಂದು ರಾಗ ಎಳೆಯುತ್ತಿದ್ದಳು. ಬಾಯಲ್ಲಿ ಮೊಳೆ ಕಚ್ಚಿಕೊಂಡಿದ್ದ ಚಿಕ್ಕಿಗೆ ಅವನ್ನೆಲ್ಲ ಅಕ್ಕನ ಮೇಲೆ ಉಗಿಯಬೇಕು ಅನ್ನಿಸುತ್ತಿತ್ತು. ನನಗೆ ಬೇಕಾದದ್ದು ನಿನಗೆ ಪೀಡೆಯೇ? ಒಬ್ಬ ಮಗಳನ್ನು ಹೆತ್ತು, ಬೆಳೆಸಿ, ಮದುವೆ ಮಾಡಿ ಮುಗಿಸಿದವಳಿಗೆ ಇನ್ನೂ ಯಾಕೆ ಕೊಡುತ್ತಾನೆ ಆ ದೇವರು? ಅವನಿಗೆ ಕಣ್ಣಿಲ್ಲವೇ? ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಅನ್ನುವುದು ಸುಳ್ಳಲ್ಲ.

ಕೊನೆಗೆ ಗಂಡನನ್ನು ಕರೆದುಕೊಂಡು ಡಾಕ್ಟರ ಬಳಿ ಹೋದಳು. ರಕ್ತ ಪರೀಕ್ಷೆ ಆಯಿತು, ಸ್ಕ್ಯಾನೂ ಆಯಿತು. ಡಾಕ್ಟರಮ್ಮ ಮೆತ್ತಗೆ ಹೇಳಿದರು. "ಹೆಣ್ಣು ಹುಟ್ಟುವಾಗಲೇ ಮೊಟ್ಟೆಗಳ ಗಂಟು ಕಟ್ಟಿಕೊಂಡೇ ಬರ್ತಾಳೆ. ವಯಸ್ಸಾದ ಹಾಗೆ ಅದು ಕರಗ್ತಾ ಹೋಗುತ್ತೆ. ಸಾಮಾನ್ಯವಾಗಿ ನಲವತ್ತೈದು ಐವತ್ತೈದರ ಮಧ್ಯೆ ಮುಗಿಯುತ್ತೆ, ಅದು ಸಹಜ. ನಿಮಗೆ ನಲವತ್ತರ ಒಳಗೇ ಮುಗೀತಾ ಬಂದಿದೆ."

"ಯಾಕೆ? ನಾನೇನು ಪಾಪ ಮಾಡಿದ್ದೆ?"

"ಪಾಪ ಗೀಪ ಏನೂ ಇಲ್ಲಮ್ಮ. ಅಂಡಾಶಯದ ಆಪರೇಷನ್ ಆಗಿದ್ರೆ ಹೀಗಾಗಬಹುದು, ಕ್ಯಾನ್ಸರಿನ ಔಷಧಿಯಿಂದ ಆಗಬಹುದು. ಕೆಲವರ ಮೈ ತನ್ನ ಮೇಲೆ ತಾನೇ ತಿರುಗಿ ಬೀಳುತ್ತೆ. ಸಿಗರೇಟು ಸೇದೋರಿಗೆ ಒಂದೆರಡು ವರ್ಷ ಬೇಗ ನಿಲ್ಲುತ್ತೆ. ಎಷ್ಟೋ ಸಲ ಕಾರಣವೇ ಸಿಗಲ್ಲ. ಕೆಲವು ಸಲ ಮನೆತನದಲ್ಲೇ ಇರುತ್ತೆ. ನಿಮ್ಮ ತಾಯಿಗೆ ಯಾವಾಗ ನಿಂತಿತು?"

"ಅಮ್ಮ ಸಣ್ಣ ವಯಸ್ಸಿಗೇ ತೀರಿಕೊಂಡಳು."

"ಅಕ್ಕತಂಗಿಯರು?"

"ಅಕ್ಕ ಇದಾಳೆ," ಎಂದಳು ಚಿಕ್ಕಿ, ಹಲ್ಲು ಕಚ್ಚಿ. "ನನಗಿಂತ ಎಂಟು ವರ್ಷ ದೊಡ್ಡೋಳು. ಅವಳಿಗೆ ಇನ್ನೂ ಗಡಿಯಾರದ ಹಾಗೆ ನಡೀತಿದೆ."

"ಹಾಗಾದ್ರೆ ಮನೆತನದ್ದು ಅಂತ ಹೇಳೋಕಾಗಲ್ಲ," ಎಂದು ಡಾಕ್ಟರಮ್ಮ ಆ ಮಾತು ಬಿಟ್ಟರು. ಮೂಳೆ ಗಟ್ಟಿಯಿರಲು ಮಾತ್ರೆ ಬರೆದರು. ಸ್ವಂತ ಮೊಟ್ಟೆಯಿಂದ ಮಗುವಾಗುವ ಆಸೆ ತೀರಾ ಕಮ್ಮಿ ಎಂದರು.

ಡಾಕ್ಟರಮ್ಮ ಹೇಳಿದ ಕಾರಣಗಳಲ್ಲಿ ಉಳಿದದ್ದು ಸಿಗರೇಟು. ಚಿಕ್ಕಿ ಸೇದುತ್ತಿರಲಿಲ್ಲ, ಲಾರಿ ಓಡಿಸುವ ಗಂಡ ಸೇದುತ್ತಿದ್ದ. ಮನೆಗೆ ಬಂದವಳೇ, "ನಿನ್ನ ಹೊಗೇನೇ ನನ್ನ ಹೊಟ್ಟೆ ಸುಟ್ಟಿದ್ದು!" ಎಂದು ಎಗರಿದಳು. ಡಾಕ್ಟರು ಹಾಗೆ ಅಂದಿರಲೇ ಇಲ್ಲ. ಆದರೆ ಉರಿಯುವವಳಿಗೆ ಯಾರಾದರೊಬ್ಬರು ಬೇಕಲ್ಲ. ಆ ಮಹಾರಾಯ ಸಿಗರೇಟು ಪ್ಯಾಕನ್ನು ಮುರಿದು ಹಾಕಿ, ತಪ್ಪು ಮಾಡಿದವನ ಹಾಗೆ ಮೂಲೆಯಲ್ಲಿ ಕೂತ.

ಆ ಗಲಾಟೆಯಲ್ಲಿ ಚಿಕ್ಕಿಯ ಸುಳ್ಳಿನ ಲೆಕ್ಕ ಕೈತಪ್ಪಿಹೋಯಿತು. ಈ ತಿಂಗಳು ಯಾವಾಗ ಕೂರಬೇಕು? ನೆನಪಿಲ್ಲ. ಹೋಗಲಿ, ಈ ಸಲ ಅಕ್ಕ ಮೊದಲು ಕೂರಲಿ, ಅವಳ ಹಿಂದೆಯೇ ತಾನು ಕೂತರಾಯಿತು ಎಂದುಕೊಂಡಳು. ಕಾದಳು. ಅಕ್ಕ ಕೂರಲಿಲ್ಲ. ಅಕ್ಕ ಮೊಳೆ ಹೊಡೆಯುತ್ತ ಓರೆಗಣ್ಣಿನಲ್ಲಿ ಚಿಕ್ಕಿಯನ್ನು ನೋಡುತ್ತಿದ್ದಳು. ಚಿಕ್ಕಿಯೂ ಅಕ್ಕನನ್ನು ನೋಡುತ್ತಿದ್ದಳು. ಸ್ಟೂಲಿನ ಮೇಲೆ ಧೂಳು ಕೂತಿತು.

ಒಂದು ಮಧ್ಯಾಹ್ನ ಯಜಮಾನಿ ಡಬ್ಬ ಹಿಡಿದು ಅಲ್ಲಾಡಿಸಿದಳು. ಒಂದು ಗುಂಡಿಯೂ ಸದ್ದು ಮಾಡಲಿಲ್ಲ.

"ಏನ್ರೇ ಇದು? ಸಂಜೆಗೆ ಸೋಫಾ ಹೋಗಬೇಕು, ಬೆನ್ನಿಗೆ ಒಂದು ಗುಂಡಿ ಇಲ್ಲ! ಇಬ್ಬರಲ್ಲಿ ಒಬ್ಬರೂ ಈ ತಿಂಗಳು ಕೂತಿಲ್ವಾ? ಏನು, ಇಬ್ಬರೂ ಒಟ್ಟಿಗೆ ಬಸುರಿಯಾದ್ರಾ?" ಎಂದು ತಾನೇ ನಕ್ಕು, ಪಕ್ಕದ ಬೀದಿಯಲ್ಲಿ ಗುಂಡಿ ಕಡ ತರಲು ಹೊರಟಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಚಿಕ್ಕಿ ಬೆಚ್ಚಿ ಅಕ್ಕನತ್ತ ತಿರುಗಿದರೆ, ಅಕ್ಕ ಅವಳಿಗಿಂತ ಹೆಚ್ಚು ಬೆಚ್ಚಿದ್ದಳು. ಮುಖ ಕೆಂಪಗೆ, ಕತ್ತಿನಲ್ಲಿ ಬೆವರು. ಆ ಬೆವರು ಚಿಕ್ಕಿಗೆ ಚೆನ್ನಾಗಿ ಗೊತ್ತಿತ್ತು.

"ನೀನು ಯಾಕೆ ಕೂರಲಿಲ್ಲ?" ಎಂದಳು ಚಿಕ್ಕಿ.

ಅಕ್ಕನ ಬಾಯಲ್ಲಿ ಮೊಳೆಗಳಿದ್ದವು.

"ನಾನು ಕೂರಲಿ ಅಂತ ಕಾಯ್ತಿದ್ಯಾ? ನನ್ನ ನೋಡ್ಕೊಂಡು ಕೂರ್ತಿದ್ಯಾ ನೀನು? ಉಗಿಯೇ ಆ ಮೊಳೆ! ಎಷ್ಟು ದಿನದಿಂದ?"

ಅಕ್ಕ ಒಂದೊಂದೇ ಮೊಳೆಯನ್ನು ಅಂಗೈಗೆ ಉಗಿದಳು. "ನಿನ್ನ ವಯಸ್ಸಿಗೇ ನಿಂತೋಯ್ತು," ಎಂದಳು. "ಮೂವತ್ತೆಂಟಕ್ಕೇ."

ಸುತ್ತಿಗೆ ಚಿಕ್ಕಿಯ ಕೈಯಲ್ಲಿತ್ತು. ಅದನ್ನು ಎಸೆಯದೆ ನೆಲದ ಮೇಲಿಟ್ಟಳಲ್ಲ, ಅದೇ ದೊಡ್ಡದು.

"ನನ್ನ ಮದುವೇಲಿ ಏನಂದೆ? 'ಮಗೂಗೆ ಏನವಸರ, ನನಗೇ ಇನ್ನೂ ನಿಂತಿಲ್ಲ, ನಿನಗೆ ಇನ್ನೂ ಹತ್ತು ವರ್ಷ ಇದೆ' ಅಂದ್ಯಲ್ಲೇ! ನಾನು ಎರಡು ವರ್ಷ ಸುಮ್ಮನೆ ಕಳೆದೆ. ನಿನ್ನ ಮಾತು ನಂಬಿ ಡಾಕ್ಟರಿಗೂ ಸುಳ್ಳು ಹೇಳಿದೆ. ಗಂಡನ ಮೇಲೆ ಹಾರಾಡಿದೆ. ನನಗೂ ನಿಂತಿದೆ ಕಣೇ!"

ಅಕ್ಕ ಅಲ್ಲೇ ಸ್ಟೂಲಿನ ಮೇಲೆ ಕುಸಿದಳು. "ನನಗೆ ನಿನ್ನ ಕಂಡ್ರೆ ಹೊಟ್ಟೆಕಿಚ್ಚಾಗ್ತಿತ್ತು," ಎಂದಳು. "ನೀನು ಮೂವತ್ತಕ್ಕೆ ಕಾಲಿಟ್ಟು ಮಿರಮಿರ ಮಿಂಚ್ತಾ ಇಲ್ಲಿ ಕೂತಿರ್ತಿದ್ದೆ. ನಾನು ಒಳಗೆ ಒಣಗೋಗಿದ್ದೆ. ನೀನು ಕೂತು ಎದ್ದ ಜಾಗದಲ್ಲಿ ನಾನೂ ಕೂರಬೇಕು ಅನ್ನಿಸ್ತು. ಆಮೇಲೆ ಬಿಡೋಕಾಗಲಿಲ್ಲ. ನಿನಗೂ ಹೀಗಾಗುತ್ತೆ ಅಂತ ನನಗೇನು ಗೊತ್ತಿತ್ತು?"

ಇಷ್ಟು ವರ್ಷ ಇಲ್ಲದ ಗಂಟಿಗೆ ಹೊಟ್ಟೆ ಉರಿಸಿಕೊಂಡೆನಲ್ಲ ಎಂದು ಚಿಕ್ಕಿಗೆ ನಗು ಬಂತು, ಅಳುವೂ ಬಂತು. ಆಗಲೇ ಅವಳಿಗೆ ಡಾಕ್ಟರಮ್ಮನ ಮನೆತನದ ಮಾತು ನೆನಪಾಯಿತು, ಹಿಂದೆಯೇ ಅಕ್ಕನ ಮಗಳು. ಕಳೆದ ವಾರವಷ್ಟೇ ಆ ಹುಡುಗಿ, "ನಲವತ್ತರ ತನಕ ಮಕ್ಕಳ ಸುದ್ದಿ ಬೇಡ ಚಿಕ್ಕಿ. ಅಮ್ಮನಿಗೇ ಇನ್ನೂ ನಿಂತಿಲ್ಲ, ನನಗೇನು ಭಯ?" ಎಂದು ನಕ್ಕಿದ್ದಳು.

ಅಕ್ಕನಿಗೂ ಅದೇ ನೆನಪಾಗಿತ್ತು. "ಅವಳಿಗೆ ಹೇಳ್ಬೇಡ ಕಣೇ," ಎಂದು ಕೈ ಹಿಡಿದಳು. "ಇಷ್ಟು ವರ್ಷ ಸುಳ್ಳು ಹೇಳಿದೆ ಅಂತ ಗೊತ್ತಾದ್ರೆ ನನ್ನ ಮುಖ ನೋಡಲ್ಲ ಅವಳು."

ಕೇಳಿ, ಚಿಕ್ಕಿ ದೇವತೆಯೇನಲ್ಲ. ಆ ಕ್ಷಣ ಅವಳ ಮನಸ್ಸಿಗೆ ಹೊಳೆದದ್ದು ಒಂದೇ. ಆಗಲಿ, ಹೇಳುವುದಿಲ್ಲ. ಅವಳೂ ನನ್ನ ಹಾಗೆ ಕಾಯಲಿ. ನೀನೂ ಮೊಮ್ಮಗುವಿಗಾಗಿ ಬಾಯಿ ಬಾಯಿ ಬಿಡು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಬೇರೇನೂ ಮಾಡಬೇಕಿರಲಿಲ್ಲ. ಆ ಯೋಚನೆ ಅವಳಿಗೆ ಎಷ್ಟು ಹಿತವಾಯಿತೆಂದರೆ, ಅವಳಿಗೇ ಹೆದರಿಕೆಯಾಯಿತು.

ಅಕ್ಕನ ಕೈ ಬಿಡಿಸಿಕೊಂಡು ಫೋನು ತೆಗೆದಳು.

"ಹೇಳು ಚಿಕ್ಕಿ!" ಎಂದಿತು ಆ ಕಡೆಯ ದನಿ, ಏನನ್ನೋ ಜಗಿಯುತ್ತ.

"ತಿನ್ನೋದು ಆಮೇಲೆ, ಮೊದಲು ಕೂತ್ಕೋ. ನಿನಗೊಂದು ಮಾತು ಹೇಳ್ಬೇಕು. ಹೆದರ್ಬೇಡ, ನಿನಗೂ ಹಾಗೇ ಆಗುತ್ತೆ ಅಂತಲ್ಲ. ಆದ್ರೆ ಈ ವಾರವೇ ಡಾಕ್ಟರ ಹತ್ರ ಹೋಗಿ ಕೇಳು. ಮೊದಲು ನಂದು ಹೇಳ್ತೀನಿ. ಆಮೇಲೆ ನಿಮ್ಮಮ್ಮ ಅವಳದ್ದು ಹೇಳ್ತಾಳೆ, ಇಲ್ಲೇ ಇದಾಳೆ."

ಹೇಳುತ್ತ ಹೋದಳು. ಹೊಟ್ಟೆಕಿಚ್ಚು ಆರಿತು ಎಂದುಕೊಳ್ಳಬೇಡಿ. ಆ ಹುಡುಗಿಗೆ ಇನ್ನೂ ಕಾಲವಿದೆಯಲ್ಲ, ತನಗೆ ಯಾರೂ ಹೀಗೆ ಫೋನು ಮಾಡಲಿಲ್ಲವಲ್ಲ ಎಂದು ಒಂದೊಂದು ಮಾತಿಗೂ ಉರಿಯುತ್ತಲೇ ಇತ್ತು. ಎಲ್ಲ ಹೇಳಿ ಮುಗಿಸಿ, ಫೋನನ್ನು ಅಕ್ಕನ ಮುಂದೆ ಹಿಡಿದಳು. ಅಕ್ಕ ಅದನ್ನು ತೆಗೆದುಕೊಳ್ಳುವ ತನಕ ಕೈ ಇಳಿಸಲಿಲ್ಲ.