ಪೊಲೀಸರೆದುರು ಬಕೆಟ್ ಬಾರಿಸಿದ್ದು

ದುಬೈಯಲ್ಲಿ ನಮ್ಮ ರಾಕ್ ಬ್ಯಾಂಡಿಗೆ ಶೋ ಸಿಕ್ಕಿತ್ತು, ನನಗೆ ಪಾಸ್‌ಪೋರ್ಟೇ ಇರ್ಲಿಲ್ಲ. ಅರ್ಜಿ ಹಾಕಿದ ಮೇಲೆ ವಿಟ್ಲದ ನಮ್ಮ ಮನೆಗೆ ವಿಚಾರಣೆಗೆ ನಮ್ಮ ಠಾಣೆಯ ಪೊಲೀಸರೊಬ್ಬರು ಬಂದ್ರು, ಊರು ವಿಜಯಪುರ ಕಡೆ.

"ಏನ್ ಕೆಲಸ ಮಾಡ್ತಿ?"

"ಡ್ರಮ್ಮರ್, ಸಾರ್."

"ಅದು ಹವ್ಯಾಸ ಆತು. ಕೆಲಸ ಹೇಳಪಾ."

ಕಾಲೇಜು ಅರ್ಧಕ್ಕೆ ಬಿಟ್ಟವನಿಗೆ ಬೇರೆ ಎಂತ ಕೆಲಸ ಉಂಟು? ಒಳಗಿಂದ ಅಮ್ಮ, "ಕೃಷಿ ಅಂತ ಹೇಳು ಮಾರಾಯ" ಅಂದ್ರು. ನನಗೆ ಉರಿದುಹೋಯ್ತು. ಡ್ರಮ್ ಸೆಟ್ ಇದ್ದದ್ದು ಮೂಡುಬಿದಿರೆಯ ಪ್ರಾಕ್ಟೀಸ್ ರೂಮಲ್ಲಿ. ಅಂಗಳದ ಬಕೆಟ್, ಡಬ್ಬ ಎಲ್ಲ ಕವುಚಿ ಹಾಕಿ ಒಂದಿಡೀ ಹಾಡು ಬಾರಿಸಿದೆ.

"ಸಾಕ್ ಬಿಡಪಾ," ಅಂದ್ರು ಅವರು. "ಕೆಲಸ ಇಲ್ದಾಂವ ಇಷ್ಟ ಬೆವರಂಗಿಲ್ಲ. ಡ್ರಮ್ಮರ್ ಅಂತನ ಬರಿತೀನಿ."

ಈಗ ಅಮ್ಮ ನೆಂಟರಿಗೆಲ್ಲ, "ಇವನದ್ದು ಕೆಲಸವೇ, ಪೊಲೀಸರೇ ಹೇಳಿದ್ದಾರೆ" ಅಂತಾರೆ. ಕಾಲೇಜು ಬಿಟ್ಟಾಗಿನಿಂದ ನಾನೂ ಅದನ್ನೇ ಹೇಳ್ತಾ ಇದ್ದೆ. ಖಾಕಿ ಹಾಕ್ಕೊಂಡು ಹೇಳ್ಬೇಕಿತ್ತು ಅಂತ ಕಾಣ್ತದೆ.